ಫೋಟೋ ಹೊಡೆಯದೆ ಹೆಜ್ಜೆಯಿಡದ ನಮ್ಮ ಕಾಕಾ

ನಮ್ಮ ಕಾಕಾ ಸ್ನಾನಕ್ಕೆ ಹೋಗುವ ಮುಂಚೆ ತಮ್ಮದೊಂದು ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಸೋಪು ಎಲ್ಲಾದರೂ ಹೆಚ್ಚು ತೊಳೆದುಬಿಟ್ಟರೆ ಮೊದಲಿನಂತಾಗಲು ಬೇಕಲ್ಲ! ನಂಬಲಿಲ್ಲವೇ? ನಂಬಬೇಡಿ, ಇದು ನಾನು ಕಟ್ಟಿದ ಮಾತು. ಆದರೆ ಮಿಕ್ಸರ್ ಬಿಚ್ಚುವ ಮುಂಚೆ, ಗ್ಯಾಸ್ ಸಿಲಿಂಡರ್ ಬದಲಿಸುವ ಮುಂಚೆ, ಕೊನೆಗೆ ಹಾಸಿಗೆ ಮಡಿಸುವ ಮುಂಚೆಯೂ ಅವರು ಮೊಬೈಲ್ ಎತ್ತಿ ಒಂದು ಫೋಟೋ ಹೊಡೆಯುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ಹಿಂದಕ್ಕ ಬರೋ ದಾರಿ ಇಟ್ಕೊಂಡೇ ಮುಂದಕ್ಕ ಹೋಗಬೇಕವ್ವ."

ಕಾಕಾನ ಹೆಂಡತಿ, ನಮ್ಮ ಕಾಕು, ಇದ್ದಾಗ ಈ ಮಾತನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ನಮ್ಮ ಲಗ್ನದಾಗ ತಾಳಿ ಕಟ್ಟೋಕಿಂತ ಮೊದ್ಲ ಒಂದು ಫೋಟೋ ತಗಸ್ಯಾರ ನೋಡು. ಹೆಂಡ್ತಿ ಸರಿ ಹೋಗಲಿಲ್ಲಂದ್ರ ಅಲ್ಲಿಗೇ ವಾಪಸ್ ಹೋಗಾಕ!" ಎಂದು, ಕಂಪ್ಯೂಟರಿನಲ್ಲಿ ತಾವೊಬ್ಬರೇ ಆಡುತ್ತಿದ್ದ ಇಸ್ಪೀಟಿನಿಂದ ಕಣ್ಣು ಕೀಳದೆ ಹೇಳುತ್ತಿದ್ದರು. ಕಾಕಾ ಸೋಲುವವರೇ? "ಆ ಫೋಟೋದಾಗೂ ನಾ ಅಂಜಿಕೊಂಡೇ ನಿಂತೀನಿ, ವಾಪಸ್ ಹೋಗಿ ಏನ್ ಮಾಡ್ಲಿ?" ಎನ್ನುವರು. ಕಾಕು ತೀರಿಕೊಂಡ ಮೇಲೆ ಈ ಚಟ ಕಡಿಮೆಯಾದೀತು ಎಂದುಕೊಂಡೆವು. ಹೆಚ್ಚಾಯಿತು.

ಕಾಕಾನ ಕಸುಬು ಕಂಪ್ಯೂಟರ್ ರಿಪೇರಿ. ಮನೆ ವಾಡಿಯಲ್ಲಿ. ಅಲ್ಲಿಯ ಸಿಮೆಂಟ್ ಧೂಳಿಗೆ ಅಂಗಳದ ತುಳಸಿಯನ್ನು ತೊಳೆದ ಮೇಲೆಯೇ ಅದು ತುಳಸಿ ಎಂದು ಗೊತ್ತಾಗಬೇಕು! ವಾಡಿ ಬಿಟ್ಟರೆ ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ. ಈ ಐದು ಊರಿನ ಅಂಗಡಿ, ಶಾಲೆ, ನೆಲಕ್ಕೆ ಹಾಸುವ ಫರ್ಸಿಕಲ್ಲು ಮಾರುವ ಆಫೀಸುಗಳಲ್ಲಿ ಕೆಟ್ಟು ಕುಳಿತ ಮಷೀನುಗಳೆಲ್ಲ ಅವರ ದಾರಿ ಕಾಯುತ್ತಿರುತ್ತವೆ. ಹೆಗಲಿಗೆ ಒಂದು ಚೀಲ, ಅದರಲ್ಲಿ ನಾಲ್ಕು ಸ್ಕ್ರೂಡ್ರೈವರ್, ಎರಡು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ. ರೊಟ್ಟಿ ಬಿಚ್ಚುವ ಮುಂಚೆ ಫೋಟೋ ತೆಗೆಯುವುದಿಲ್ಲ, ಅಷ್ಟರಮಟ್ಟಿಗೆ ಬುದ್ಧಿ ನೆಟ್ಟಗಿದೆ.

ಅವರ ವಿಶೇಷ ವಿದ್ಯೆಯೆಂದರೆ ವರ್ಚುವಲ್ ಮಷೀನು. ಹಾಗೆಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರು. ಮನೆ ಕೆಡವಿ ಹೊಸದು ಕಟ್ಟುವಾಗ ಹಳೆಯ ದೇವರಕೋಣೆಯನ್ನು ಮಾತ್ರ ಹಾಗೇ ಉಳಿಸಿಕೊಳ್ಳುತ್ತಾರಲ್ಲ, ಹಾಗೆ. ಹಳೆಯ ಸಾಫ್ಟ್‌ವೇರು ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ಅದಕ್ಕೆ ಹಳೆಯ ಕಂಪ್ಯೂಟರೇ ಬೇಕು. ಆ ಹಳೆಯದನ್ನು ಕಾಕಾ ಹೊಸದರ ಒಳಗೆ ಕೂಡಿಸಿ ಕೊಡುತ್ತಾರೆ. "ಒಳಮಷೀನು" ಎಂಬುದು ಅವರೇ ಇಟ್ಟ ಹೆಸರು. ಈ ಒಳಮಷೀನಿಗೆ ಒಂದು ಅನುಕೂಲವಿದೆ. ಅದು ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೇ, ತೆರೆದ ಕಿಟಕಿ ತೆರೆದಂತೆ, ಅರ್ಧ ಬರೆದ ಅಕ್ಷರ ಅರ್ಧಕ್ಕೇ ನಿಂತಂತೆ, ಒಂದು ಸ್ನ್ಯಾಪ್‌ಶಾಟ್ ತೆಗೆದಿಡಬಹುದು. ಕಾಕಾನ ಬಾಯಲ್ಲಿ ಅದೂ ಫೋಟೋವೇ. ಮುಂದೆ ಏನಾದರೂ ಕೆಟ್ಟರೆ ಗುಂಡಿ ಒತ್ತಿ ಆ ಗಳಿಗೆಗೆ ಮರಳಬಹುದು. ನಮ್ಮ ಕಾಕಾನಂಥವರ ಕೈಗೆ ಇಂಥದೊಂದು ಸಿಕ್ಕರೆ ಬಿಡುತ್ತಾರೆಯೇ? ಮಂಗನ ಕೈಗೆ ಮಾಣಿಕ್ಯ ಎನ್ನಲಾರೆ, ಚಿಕ್ಕಪ್ಪನಲ್ಲವೇ.

ಚಿತ್ತಾಪುರದ ಕಡೆ ಒಂದು ಶಾಲೆಯಲ್ಲಿ ಗಂಟೆ ಬಾರಿಸುವುದಕ್ಕೂ ಇಂಥದೊಂದು ಒಳಮಷೀನಿತ್ತು. ಒಮ್ಮೆ ಅದು ಕೈಕೊಟ್ಟಿತು. ಕಾಕಾ ಹೋಗಿ ಹಳೆಯ ಫೋಟೋಗೆ ತಿರುಗಿಸಿದರು, ಸರಿಹೋಯಿತು, ಚಹಾ ಕುಡಿದು ಬಂದರು. ಆದರೆ ಆ ಫೋಟೋ ತೆಗೆದದ್ದು ಭಾನುವಾರ! ಒಳಮಷೀನಿನ ಲೆಕ್ಕದಲ್ಲಿ ಮತ್ತೆ ಭಾನುವಾರವೇ ಆಯಿತು. ಭಾನುವಾರ ಯಾವ ಶಾಲೆಯಲ್ಲಿ ಗಂಟೆ ಬಾರಿಸುತ್ತಾರೆ? ಗಣಿತದ ಮಾಸ್ತರರು ಗಂಟೆಯಾಗಲಿಲ್ಲವೆಂದು ಊಟದ ಹೊತ್ತಿನವರೆಗೂ ಗಣಿತವನ್ನೇ ಹೇಳಿದರಂತೆ. ಹೆಡ್‌ಮಾಸ್ತರರು ಫೋನ್ ಮಾಡಿ ಕೂಗಾಡಿದಾಗ ಕಾಕಾ ಕೇಳಿದ್ದು ಇಷ್ಟೇ: "ಹುಡುಗರಿಗಿ ಗಣಿತ ಬಂತೋ ಇಲ್ಲೋ ಅದು ಹೇಳ್ರಿ ಸರ್."

ನನಗೆ ಆ ಕಥೆ ಕೇಳಿ ನಗು ಬಂದಿತ್ತು. ನನ್ನ ಸರದಿ ಬರುವವರೆಗೆ ಎಲ್ಲರಿಗೂ ನಗು ಬರುತ್ತದೆ.

ಸೇಡಂ ದಾಟಿ ಮಳಖೇಡದ ರಸ್ತೆಗೆ ಹೊರಳಿದರೆ ನಮ್ಮ ಕಾಟಾ ಇದೆ. ಕಾಟಾ ಎಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಸಾಮಾನಿನ ಸಮೇತ ತೂಗುವ ಕಬ್ಬಿಣದ ಕಟ್ಟೆ. ತೂಗುವವಳು ನಾನು. ಪಕ್ಕದಲ್ಲಿ ನನ್ನ ಕೋಣೆ, ಕೋಣೆಯಲ್ಲಿ ಕಂಪ್ಯೂಟರು. ಎದುರಿಗೆ ಬೇಳೆ ಮಿಲ್ಲು. ತೊಗರಿ ತಂದ ಟ್ರ್ಯಾಕ್ಟರು ಮೊದಲು ಭರ್ತಿಯಾಗಿ ಕಾಟಾ ಏರಬೇಕು, ಆಮೇಲೆ ಮಿಲ್ಲಿನಲ್ಲಿ ತೊಗರಿ ಸುರಿದು ಖಾಲಿಯಾಗಿ ಮತ್ತೆ ಏರಬೇಕು. ಎರಡನ್ನೂ ಕಳೆದು ಮಷೀನು ಒಂದೇ ಚೀಟಿ ಕೊಡುತ್ತದೆ. ನಡುವೆ ಆ ಭರ್ತಿ ತೂಕ ಇರುವುದು ಮಷೀನಿನ ಹೊಟ್ಟೆಯಲ್ಲಿ ಮಾತ್ರ. ಕೈಬರಹದ ಚೀಟಿಯನ್ನು ಮಿಲ್ಲಿನವರು ಮುಟ್ಟುವುದಿಲ್ಲ. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಒಂದನ್ನು ಏಳು ಮಾಡಿದ್ದನಂತೆ!

ನಮ್ಮ ತೂಕದ ಸಾಫ್ಟ್‌ವೇರು ಹಳೆಯದು, ಮಾಡಿಕೊಟ್ಟವನು ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ಹಾಗಾಗಿ ಅದನ್ನು ಕಾಕಾ ಒಳಮಷೀನಿನಲ್ಲಿ ಕೂಡಿಸಿದರು. ಬಂದಾಗಲೆಲ್ಲ ಅದರದೊಂದು ಫೋಟೋ. ಏನಾದರೂ ರಿಪೇರಿಗೆ ಬಂದರೆ ಫೋಟೋ, ರಿಪೇರಿಯಾದ ಮೇಲೆ ಇನ್ನೊಂದು, ಸುಮ್ಮನೆ ಊಟಕ್ಕೆ ಬಂದರೂ "ಬಂದೀನಿ, ಒಂದು ಇರ್ಲಿ" ಎಂದು ಮತ್ತೊಂದು. ಒಂದನ್ನೂ ಅಳಿಸಿದವರಲ್ಲ. ಅದು ಸಾಲದೆಂಬಂತೆ, ವಾಡಿಯ ಧೂಳು ತಿಂದು ಅವರ ಮನೆಯ ಕಂಪ್ಯೂಟರ್ ಸತ್ತಾಗ ಅದರೊಳಗಿದ್ದ ಒಂದು ದೊಡ್ಡ ಒಳಮಷೀನನ್ನು ತಂದು ನನ್ನದರಲ್ಲಿ ಇಟ್ಟರು. ಅದಕ್ಕೊಂದು ಹೆಸರು ಬೇರೆ: "ಮುಟ್ಟಬ್ಯಾಡ್ರಿ".

"ಕಾಕಾ, ಇದರಾಗ ಏನದ?" ಎಂದು ಕೇಳಿದ್ದೆ.

"ಹೆಸರು ಓದಿಲ್ಲೇನು?" ಎಂದಿದ್ದರು. ನಾನೂ ಬಿಟ್ಟುಬಿಟ್ಟೆ.

ತೊಗರಿ ಸುಗ್ಗಿಯ ಒಂದು ದಿನ ಮುಂಜಾನೆಯೇ ಪಡುವಣದಲ್ಲಿ ಮೋಡ ಎದ್ದಿತು. ಆ ಕಾಲದಲ್ಲಿ ನಮ್ಮ ಕಡೆ ಮಳೆಗೆ ಏನು ಕೆಲಸ? ಆದರೆ ಅದಕ್ಕೆ ಹೇಳುವವರು ಯಾರು? ರೊಕ್ಕದಂಥ ಒಣ ತೊಗರಿ ತೆರೆದ ಟ್ರಾಲಿಗಳಲ್ಲಿ ಬಿದ್ದಿತ್ತು. ಮಳೆಗೆ ಮೊದಲು ತೂಗಿಸಿ ಒಳಗೆ ಸುರಿಯಬೇಕೆಂದು ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬಂದು ರಸ್ತೆಯವರೆಗೂ ನಿಂತವು. ಸರದಿ ಬರುವವರೆಗೆ ಡ್ರೈವರುಗಳು ಬೇವಿನ ಮರದ ಬುಡಕ್ಕೆ ಟವೆಲ್ ಹಾಸಿ ಇಸ್ಪೀಟು ಹಾಕಿಕೊಂಡರು.

ಮಳಖೇಡದ ಕಡೆಯ ಶರಣಮ್ಮ ಬೆಳಿಗ್ಗೆಯೇ ಭರ್ತಿ ತೂಕ ಮಾಡಿಸಿ ಹೋಗಿದ್ದಳು. ಒಬ್ಬಳೇ ಹೊಲ ನೋಡಿಕೊಳ್ಳುವ ಗಟ್ಟಿ ಹೆಂಗಸು. ಟ್ರ್ಯಾಕ್ಟರು ಖಾಜಾಭಾಯಿಯದು, ತೊಗರಿ ಅವಳದು. ಮಿಲ್ಲಿನಲ್ಲಿ ಅವಳ ತೊಗರಿ ಎಲ್ಲರ ರಾಶಿಗೆ ಸೇರಿ, ಖಾಲಿ ಟ್ರ್ಯಾಕ್ಟರು ಮತ್ತೆ ಕಾಟಾ ಏರಿತು. ನಾನು ಗುಂಡಿ ಒತ್ತಿದೆ. ಪರದೆ ಒಮ್ಮೆ ಮಿಣುಕಿ ಹಾಗೇ ನಿಂತುಬಿಟ್ಟಿತು. ಮೌಸು ಅಲ್ಲಾಡಿಸಿದೆ, ಕೀಲಿಗಳನ್ನು ಕುಟ್ಟಿದೆ, ಮಷೀನಿನ ತಾಯಿ ತಂದೆಯನ್ನೂ ನೆನೆದೆ. ಒಂದು ಚೌಕದಲ್ಲಿ ಸಣ್ಣಕ್ಷರದ ಸೂಚನೆ ಬಂತು: ಡಿಸ್ಕಿನಲ್ಲಿ ಜಾಗವಿಲ್ಲ, ಒಳಮಷೀನನ್ನು ತಡೆದಿದೆ.

ಒಳಗಿನ ಮಷೀನಿನ ಮೂಲೆಯಲ್ಲಿ ನೋಡಿದರೆ ಅರ್ಧ ಖಾಲಿ ಎಂದು ತೋರಿಸುತ್ತಿದೆ! ಹೊರಗಿನ ಕಂಪ್ಯೂಟರಿನಲ್ಲಿ ನೋಡಿದರೆ ಸಾಸಿವೆ ಹಾಕಲೂ ಜಾಗವಿಲ್ಲ. ಯಾರನ್ನು ನಂಬುವುದು?

ಕಾಕಾನಿಗೆ ಫೋನ್ ಹಚ್ಚಿದೆ. ಅವರು ಚಿಂಚೋಳಿಯಲ್ಲಿದ್ದರು.

"ಎರಡೂ ಖರೆ ಅದ," ಎಂದರು ತಣ್ಣಗೆ. "ಒಳಗಿಂದಕ್ಕ ನಾ ಇಷ್ಟು ಜಾಗಾ ಕೊಡ್ತೀನಂತ ಮಾತು ಕೊಟ್ಟೀನಿ, ಕೊಟ್ಟಿಲ್ಲ. ಬೇಕಾದಂಗ ಬೇಕಾದಂಗ ಹೊರಗಿಂದ ತಗೊಂತದ. ಈಗ ಹೊರಗ ತೀರ್ಯಾದ."

"ಸಾವಿರ ಮಂದಿಗಿ ಊಟಕ್ಕ ಹೇಳಿ ನೂರು ಎಲಿ ತಂದಂಗ ಆತಲ್ಲ ಕಾಕಾ! ಇಲ್ಲಿ ಶರಣಮ್ಮನ ಭರ್ತಿ ತೂಕ ಅದರೊಳಗೇ ಅದ. ತೊಗರಿ ರಾಶಿಗಿ ಬಿದ್ದದ. ಅದು ಹೋದ್ರ ನಾ ಆಕಿಗಿ ಏನ್ ಹೇಳ್ಲಿ?"

ಅತ್ತಲಿಂದ ಬಸ್ಸಿನ ಹಾರ್ನು ಕೇಳಿಸಿತು. "ಗಾಬರಿ ಆಗಬ್ಯಾಡ. ನಿನ್ನವು ಬ್ಯಾಡಾದ ಫೈಲ್ ಎಲ್ಲಾ ತಗದು ಜರಾ ಜಾಗಾ ಮಾಡು. ಆದ್ರ ನಾ ಬರೋತನಕ ಒಳಮಷೀನ್ ಎಬ್ಬಸಬ್ಯಾಡ. ಅರ್ಧಮರ್ಧ ಎಬ್ಬಿಸಿದ್ರ ಕೆಡ್ತದ. ಬಸ್ ಹತ್ತಾಕತ್ತೀನಿ."

ಚಿಂಚೋಳಿಯಿಂದ ಸೇಡಂಗೆ ಬಸ್ಸು ಬರುವವರೆಗೆ ನಾನು ಏನೇನು ಅಳಿಸಿದೆ ಕೇಳಬೇಡಿ. ನೋಡಬೇಕೆಂದು ಇಟ್ಟುಕೊಂಡಿದ್ದ ಧಾರಾವಾಹಿಗಳು ಹೋದವು. ಅಡುಗೆಯ ವೀಡಿಯೋಗಳು ಹೋದವು. ತಂಗಿಯ ಸೀಮಂತದ ಫೋಟೋಗಳು ಅವಳ ಹತ್ತಿರವೂ ಇವೆಯೆಂದು ಫೋನ್ ಮಾಡಿ ಖಾತ್ರಿಮಾಡಿಕೊಂಡು ಅವನ್ನೂ ತೆಗೆದೆ. ಕೊನೆಗೆ ಕಸದ ಬುಟ್ಟಿಯನ್ನೂ ಖಾಲಿಮಾಡಿದೆ. ಅಂಗೈಯಗಲ ಜಾಗವಾಯಿತು. ಹೊರಗೆ ಮೋಡ ಈಗ ಮಿಲ್ಲಿನ ಚಿಮಣಿಯ ಮೇಲೆಯೇ ಬಂದಿತ್ತು. ಹಿಂದಿನ ಟ್ರ್ಯಾಕ್ಟರಿನವರು ಹಾರ್ನು ಹೊಡೆಯತೊಡಗಿದರು. ಖಾಜಾಭಾಯಿ ಕಾಟಾದ ಮೇಲಿಂದ ಇಳಿಯುವಂತಿಲ್ಲ, ಇಳಿದರೆ ಸರದಿ ಹೋಗುತ್ತದೆ. ಶರಣಮ್ಮ ಮಾತ್ರ ನನ್ನ ಕೋಣೆಯ ಹೊಸ್ತಿಲಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯವ್ವಾ, ನನ್ನ ತೂಕ ನಿನಗ ನೆನಪದ ಇಲ್ಲೋ?" ಎಂದಳು.

ಬೆಳಗಿನಿಂದ ಎಷ್ಟೋ ಗಾಡಿ ತೂಗಿದ್ದೆ. ನೆನಪಿರಲಿಲ್ಲ. "ಮಷೀನಿಗಿ ನೆನಪದ ಬಿಡ್ರಿ," ಎಂದೆ.

"ಅದು ಮಾತಾಡವಲ್ದಲ್ಲ?"

ಅಷ್ಟರಲ್ಲಿ ಕಾಕಾ ಬಂದರು. ಚೀಲ ಇಳಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕುಳಿತರು. ನನಗೆ ಹೋದ ಜೀವ ಬಂದಂತಾಯಿತು. ಅವರು ಪರದೆ ನೋಡಿದರು, ತಲೆಯಾಡಿಸಿದರು. ಜಾಗವಾಗಿದೆ, ಒಳಮಷೀನು ತಡೆದು ನಿಂತಿದೆಯಷ್ಟೆ, ಒಂದು ಗುಂಡಿ ಒತ್ತಿ ಎಬ್ಬಿಸಿದರೆ ಮುಗಿಯಿತು. ಆ ಗುಂಡಿ ನನಗೂ ಕಾಣುತ್ತಿತ್ತು.

ಕಾಕಾ ಆ ಗುಂಡಿ ಒತ್ತಲಿಲ್ಲ. ಯೋಚನೆಯೇ ಇಲ್ಲದೆ, ಉಸಿರಾಡುವವರಂತೆ, ಮೊದಲು ಒಂದು ಫೋಟೋ ತೆಗೆದರು!

ನಾನು ಅಂಗೈಯಗಲ ಬಿಡಿಸಿದ್ದ ಜಾಗವನ್ನೆಲ್ಲ ಆ ಫೋಟೋ ಒಂದೇ ಗುಟುಕಿಗೆ ನುಂಗಿತು. ನುಂಗಿಯೂ ಸಾಲದೆ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ಪರದೆಯ ಮೇಲೆ ಕೆಂಪು ಗುರುತು ಬಂತು. ಮೊದಲು ಒಳಮಷೀನು ನಿದ್ದೆಯಲ್ಲಿತ್ತು, ಈಗ ಪ್ರಜ್ಞೆಯೇ ತಪ್ಪಿತು.

"ಕಾಕಾ!"

"ಕೈ ರೂಢಿ ಅವ್ವ," ಎಂದರು. ಆ ಅರ್ಧ ಫೋಟೋವನ್ನು ಅಳಿಸಲು ಹೋದರು. ಹಿಂದಿನ ಫೋಟೋಗಳಿಗೆಲ್ಲ ಅದು ಜೋತುಬಿದ್ದಿದೆ, ಎಲ್ಲವನ್ನೂ ಕೂಡಿಸಿ ಒಂದು ಮಾಡಬೇಕು, ಅದಕ್ಕೆ ದೊಡ್ಡ ಜಾಗ ಬೇಕು ಎಂದಿತು ಮಷೀನು. ಕೇಳಿದಿರಾ? ಜಾಗ ಬೇಕಾದರೆ ಅಳಿಸಬೇಕು, ಅಳಿಸಬೇಕಾದರೆ ಜಾಗ ಬೇಕು!

ನನಗೆ ತಲೆ ಕೆಟ್ಟಿತು. ಅವರನ್ನು ಪಕ್ಕಕ್ಕೆ ಸರಿಸಿ ನಾನೇ ಫೈಲುಗಳ ಡಬ್ಬಿ ತೆರೆದೆ. ಸಾಲುಸಾಲಾಗಿ ಅವರ ಹಳೆಯ ಫೋಟೋಗಳು ಬಿದ್ದಿದ್ದವು. ಎಲ್ಲಕ್ಕಿಂತ ಹಳೆಯದನ್ನು ಹಿಡಿದು ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ. ಕಾಕಾ ನನ್ನ ಮುಂಗೈ ಹಿಡಿದ ರಭಸಕ್ಕೆ ಬಳೆ ಒಡೆಯಿತು.

"ಶಹಾಬಾದಿನ ಕಲ್ಲಿನ ಗ್ವಾಡಿ ನೋಡಿಲ್ಲೇನು? ಒಂದರ ಮ್ಯಾಲ ಒಂದು ಇಟ್ಟಿರ್ತಾರ, ನಡುವ ಮಣ್ಣೂ ಇರಂಗಿಲ್ಲ. ಕೆಳಗಿನ ಕಲ್ಲು ಹಳೇದು ಅಂತ ಎಳದ್ರ ಏನಾಗ್ತದ? ಇವತ್ತಿನ ತೂಕ ಎಲ್ಲಾಕಿಂತ ಮ್ಯಾಲ ಕುಂತದ ನೋಡು!"

ನಾನು ಬೆರಳು ತೆಗೆದೆ.

"ಹಂಗಾದ್ರ ನಿನ್ನಿ ಬಂದಾಗ ತಗದ ಫೋಟೋಗ ವಾಪಸ್ ಹೋಗ್ರಿ," ಎಂದೆ. "ಜೀವಮಾನ ಪೂರ್ತಿ ಅದನ್ನೇ ಹೇಳಿರಲ್ಲ, ಹಿಂದಕ್ಕ ಬರೋ ದಾರಿ ಅಂತ!"

ಕಾಕಾ ಹೊಸ್ತಿಲ ಕಡೆ ನೋಡಿದರು. ಶರಣಮ್ಮ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು. "ಹಿಂದಕ್ಕ ಹೋದ್ರ ಮಷೀನ್ ಎದ್ದು ಕುಂದ್ರತದ," ಎಂದರು ಮೆಲ್ಲಗೆ. "ಆದ್ರ ಅದಕ್ಕ ನಿನ್ನಿ ದಿನ ಇರ್ತದ. ನಿನ್ನಿ ದಿನದಾಗ ಈ ಅವ್ವ ಬಂದೇ ಇಲ್ಲ."

ನಾನು ಕಂಡಂತೆ, ಹಿಂದಕ್ಕೆ ಹೋಗಲು ಒಲ್ಲೆ ಎಂದು ಕಾಕಾ ಹೇಳಿದ್ದು ಅದೇ ಮೊದಲು.

ಇನ್ನೊಂದು ಉಪಾಯ ಹೊಳೆಯಿತು. ಕಪಾಟಿನಲ್ಲಿ ಒಂದು ಹೊರಗಿನ ಡಿಸ್ಕು ಇತ್ತು, ಅರ್ಧಕ್ಕರ್ಧ ಖಾಲಿ. ಅದನ್ನು ಸಿಕ್ಕಿಸಿ, "ಮುಟ್ಟಬ್ಯಾಡ್ರಿ"ಯನ್ನು ಅದಕ್ಕೆ ಸಾಗಿಸಿದರೆ ಆಯಿತಲ್ಲ! ಕಾಕಾ ಸಾಗಿಸಲು ಹೋದರು. ಡಿಸ್ಕು ಒಪ್ಪಲಿಲ್ಲ, ಫೈಲು ಬಹಳ ದೊಡ್ಡದು ಎಂದಿತು. ಅರ್ಧ ಖಾಲಿ ಇಟ್ಟುಕೊಂಡು ಒಲ್ಲೆ ಎನ್ನುವುದೇ?

"ಮನಿ ದೊಡ್ಡದದ, ಬಾಗಿಲು ಸಣ್ಣದದ," ಎಂದರು ಕಾಕಾ. "ಹಳೇ ನಮೂನಿ ಡಿಸ್ಕು. ಸಣ್ಣ ಸಣ್ಣ ಫೈಲ್ ಎಷ್ಟು ಬೇಕಾದಷ್ಟು ಹಿಡೀತದ, ಒಂದೇ ದೊಡ್ಡದು ಒಳಗ ಬಿಡಂಗಿಲ್ಲ."

"ಹಂಗಾದ್ರ ಫಾರ್ಮ್ಯಾಟ್ ಮಾಡ್ರಿ, ಬಾಗಿಲು ದೊಡ್ಡದು ಮಾಡ್ರಿ."

"ಅದರಾಗ ಈ ಕಾಟಾದ ಹಳೇ ತೂಕದ ನಕಲು ಅದ. ಕೈಯಾಗಿನ ಮಷೀನ್ ಬಿದ್ದದ, ಇದ್ದ ಒಂದು ನಕಲೂ ಅಳಸ್ತಾರೇನು? ಹುಚ್ಚೀ."

ಮೊದಲ ಗುಡುಗು ಕೇಳಿಸಿತು. ಬೇವಿನ ಮರದ ಕೆಳಗೆ ಇಸ್ಪೀಟು ನಿಂತಿತು. ಡ್ರೈವರುಗಳು ತೊಗರಿಗೆ ಹೊದಿಸಲು ತಾಡಪತ್ರಿ ಹುಡುಕಿಕೊಂಡು ಓಡಿದರು, ಎಲ್ಲರ ಹತ್ತಿರ ತಾಡಪತ್ರಿ ಎಲ್ಲಿಂದ ಬರಬೇಕು? ಯಾರೋ ತನ್ನ ಹಾಸಿಗೆಯ ಚಾದರವನ್ನೇ ತೊಗರಿಯ ಮೇಲೆ ಹೊದಿಸುತ್ತಿದ್ದ. ನನ್ನ ಸಿಟ್ಟು ನೆತ್ತಿಗೇರಿತು.

"ಕಾಕಾ, ಇಷ್ಟು ಜಾಗಾ ತಿಂದು ಕುಂತಿದ್ದು ನಿಮ್ಮದೇ 'ಮುಟ್ಟಬ್ಯಾಡ್ರಿ'. ಅದನ್ನ ತಗೀರಿ. ನಾ ನನ್ನವೆಲ್ಲಾ ತಗದೀನಿ. ನಿಮ್ಮದು ಒಂದು ತಗ್ಯಾಕ ಏನು ಧಾಡಿ? ಅದರಾಗ ಬಂಗಾರ ಅದ ಏನು?"

ಕಾಕಾ ಎದ್ದು ಬಾಗಿಲಿಗೆ ಹೋಗಿ ನಿಂತರು. ಶರಣಮ್ಮ ತಲೆಯೆತ್ತಿದಳು.

"ಯಣ್ಣಾ, ಆಗ್ತದೇನ್ರಿ?"

"ಆಗ್ತದವ್ವ."

"ಆಗಂಗಿಲ್ಲಂದ್ರ ಹೇಳ್ರಿ. ವರ್ಷ ಪೂರಾ ಎಡಿ ಹೊಡದೀನಿ, ಕಳೆ ತಗದೀನಿ, ರಾಶಿ ಮಾಡೀನಿ. ಅದು ಇಷ್ಟಿತ್ತು ಅಂತ ಹೇಳಾಕ ನನಗ ಬಾಯಿ ಒಂದೇ ಅದ. ನನ್ನ ಬಾಯಿ ಮಾತು ಮಿಲ್ಲಿನವ್ರು ಕೇಳ್ತಾರೇನ್ರಿ?"

ಕಾಕಾ ಒಳಗೆ ಬಂದರು. "ಮುಟ್ಟಬ್ಯಾಡ್ರಿ"ಯ ಮೇಲೆ ಬಾಣದ ಗುರುತಿಟ್ಟು ಅದನ್ನು ತೆರೆಯಲು ಒತ್ತಿದರು. ತೆರೆಯಲೂ ಜಾಗವಿಲ್ಲ ಎಂದಿತು. ಮತ್ತೊಮ್ಮೆ ಒತ್ತಿದರು. ಅದೇ ಉತ್ತರ. ಜೇಬಿನಿಂದ ಮೊಬೈಲ್ ತೆಗೆದು ಪರದೆಯತ್ತ ಹಿಡಿದರು, ರೂಢಿಯಲ್ಲವೇ. ಆದರೆ ಪರದೆಯ ಮೇಲೆ ಇದ್ದದ್ದಾದರೂ ಏನು? ಒಂದು ಹೆಸರು ಅಷ್ಟೆ. ಮೊಬೈಲ್ ಜೇಬಿಗೆ ಹೋಯಿತು.

ಆಮೇಲೆ ಅಳಿಸುವ ಗುಂಡಿ ಒತ್ತಿದರು. ಖಂಡಿತವೇ ಎಂದು ಕೇಳಿತು. ಹೂಂ ಎಂದು ಒತ್ತಿದರು. ವಾಪಸ್ ಬರುವುದಿಲ್ಲ, ಆದರೂ ಖಂಡಿತವೇ ಎಂದು ಇನ್ನೊಮ್ಮೆ ಕೇಳಿತು. ಮಷೀನಿಗೂ ಮುಖ ನೋಡಿ ಮಾತಾಡುವ ಬುದ್ಧಿ ಇದ್ದಿದ್ದರೆ ಎರಡನೆಯ ಸಲ ಕೇಳುತ್ತಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಕಾಕಾ ಎರಡನೆಯ ಸಲವೂ ಒತ್ತಿದರು.

ಎಷ್ಟು ದೊಡ್ಡ ಜಾಗ ಬಿಡುವಾಯಿತೆಂದರೆ ಹೊರಗಿನ ಕಂಪ್ಯೂಟರು ನಿಟ್ಟುಸಿರು ಬಿಟ್ಟಂತಾಯಿತು. ಕಾಕಾ ಕಾಟಾದ ಫೋಟೋಗಳನ್ನೆಲ್ಲ ಒಂದರೊಳಗೊಂದು ಕೂಡಿಸಲು ಹಚ್ಚಿದರು. ಹಸಿರು ಪಟ್ಟಿ ಇರುವೆಯಂತೆ ಹೊರಟಿತು. ನಾನು ಪಟ್ಟಿ ನೋಡುವುದೋ, ಮೋಡ ನೋಡುವುದೋ? ಪಟ್ಟಿ ಮುಕ್ಕಾಲಿಗೆ ಬಂದು ನಿಂತುಬಿಟ್ಟಿತು. "ಮುಟ್ಟಬ್ಯಾಡ, ಕರೆಂಟ್ ತಗೀಬ್ಯಾಡ, ಅದರ ಪಾಡಿಗಿ ಬಿಡು," ಎಂದರು ಕಾಕಾ. ಸ್ವಲ್ಪ ಹೊತ್ತಿಗೆ ಪಟ್ಟಿ ಮತ್ತೆ ಅಲ್ಲಾಡಿತು, ತುದಿ ಮುಟ್ಟಿತು. ಎಬ್ಬಿಸುವ ಗುಂಡಿ ಒತ್ತಿದರು. ಈ ಸಲ ಫೋಟೋ ತೆಗೆಯಲಿಲ್ಲ!

ಒಳಮಷೀನು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎದ್ದಿತು. ಶರಣಮ್ಮನ ಹೆಸರು, ಖಾಜಾಭಾಯಿಯ ಗಾಡಿ, ಭರ್ತಿ ತೂಕ, ಎಲ್ಲ ಇತ್ತು. ಖಾಲಿ ತೂಕ ತೆಗೆದುಕೊಂಡಿತು. ಪ್ರಿಂಟರು ಕರಕರ ಎಂದು ಚೀಟಿ ಕಕ್ಕಿತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ.

ಶರಣಮ್ಮ ಚೀಟಿಯನ್ನು ಖಾಜಾಭಾಯಿಗೆ ಓದಲು ಕೊಟ್ಟಳು. ಅವನು ಓದಿದ. "ಹಾಂ, ಇಷ್ಟೇ ಇತ್ತು," ಎಂದಳು. ಅಂದರೆ ಅವಳಿಗೆ ಗೊತ್ತಿತ್ತು, ಹೇಳಿದರೆ ಯಾರು ನಂಬಬೇಕು ಎಂದು ಸುಮ್ಮನಿದ್ದಳು. ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡ ಮೇಲೆ ಅವಳಿಗೆ ಧೈರ್ಯ ಬಂತು.

"ಏನಾಗಿತ್ರಿ ಯಣ್ಣಾ ನಿಮ್ಮ ಮಷೀನಿಗಿ?"

"ಹೊಟ್ಟಿ ತುಂಬಿತ್ತವ್ವ."

"ಹೊಟ್ಟಿ ತುಂಬಿದ್ರ ಕೆಲಸ ಒಲ್ಲೆ ಅಂತದೇನು? ನಮ್ಮ ಭಾವನಂಗೇ ಆತು ಬಿಡ್ರಿ!"

ಸಾಲಿನವರೆಲ್ಲ ನಕ್ಕರು. ಕಾಕಾ ಕೂಡ ನಕ್ಕರು. ಆಮೇಲೆ ನಾವಿಬ್ಬರೂ ತಲೆಯೆತ್ತಲಿಲ್ಲ. ಒಂದರ ಹಿಂದೊಂದು ಟ್ರ್ಯಾಕ್ಟರು ಏರಿದವು, ಇಳಿದವು. ಕೊನೆಯ ಟ್ರಾಲಿ ಮಿಲ್ಲಿನ ಛಾವಣಿಯ ಕೆಳಗೆ ನುಗ್ಗುವುದಕ್ಕೂ ದಪ್ಪ ಹನಿಗಳು ಬೀಳುವುದಕ್ಕೂ ಸರಿಹೋಯಿತು.

ಮಳೆ ಜೋರಾಯಿತು. ಕಾಕಾ ವಾಡಿಗೆ ಹೋಗುವಂತಿರಲಿಲ್ಲ. ನಾನು ಸ್ಟೋವಿನ ಮೇಲೆ ಚಹಾ ಇಟ್ಟೆ. ಸಿಟ್ಟು ಇಳಿದಿತ್ತು, ಆದರೆ ಮನಸ್ಸು ಒಂದು ಕಡೆ ಚುಚ್ಚುತ್ತಿತ್ತು. ಆ ಎರಡು ಸಲ ಗುಂಡಿ ಒತ್ತಿದ ಬೆರಳನ್ನು ನಾನು ನೋಡಿದ್ದೆನಲ್ಲ.

"ಕಾಕಾ, ಏನಿತ್ತು ಅದರಾಗ?"

ಅವರು ಚಹಾ ಊದಿದರು. "ನಿನ್ನ ಕಾಕುನ ಇಸ್ಪೀಟ್."

"ಅಂದ್ರ?"

"ಹೊಸ ಕಂಪ್ಯೂಟರ್ ತಂದಾಗ ಹಳೇ ಇಸ್ಪೀಟಿನ ಆಟ ಅದರಾಗ ಇರಲಿಲ್ಲ. ಆ ಹಸಿರು ಹಾಸಿಗಿ ಮ್ಯಾಲಿಂದೇ ಬೇಕು ಅಂತ ಹಟ ಹಿಡದ್ಲು. ಅದಕ್ಕ ಆಕಿಗಿ ಒಂದು ಒಳಮಷೀನ್ ಮಾಡಿಕೊಟ್ಟೆ. ನಾ ಮಾಡಿದ ಮೊದಲನೇ ಒಳಮಷೀನ್ ಅದೇ. ಐದೂರಿಗಿ ಆಮ್ಯಾಲ ಮಾಡಿದೆ." ಒಂದು ಗುಟುಕು ಕುಡಿದರು. "ದವಾಖಾನಿಗಿ ಹೋಗೋ ದಿನ ಆಟೋ ಬಂದು ನಿಂತಿತ್ತು. ಆಕಿ ಆಟದಾಗಿದ್ಲು. ಏಳೋ ಮುಂದ ಹೇಳಿದ್ಲು, ಮುಟ್ಟಬ್ಯಾಡ್ರಿ, ಬಂದ ಮ್ಯಾಲ ನಾನೇ ಮುಗಸ್ತೀನಿ ಅಂತ. ನಾ ಹಂಗೇ ಒಂದು ಫೋಟೋ ತಗದು ಇಟ್ಟೆ."

ಕಾಕು ದವಾಖಾನೆಯಿಂದ ಮರಳಲಿಲ್ಲ. ಅದು ನಮ್ಮ ಮನೆಯವರಿಗೆಲ್ಲ ಗೊತ್ತು. ಆಟ ಅರ್ಧಕ್ಕೆ ನಿಂತಿತ್ತೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಯಾಕ ಹೇಳಲಿಲ್ಲ ಕಾಕಾ? ಹೇಳಿದ್ರ ನಾ..." ನಾನು ಏನು ಮಾಡುತ್ತಿದ್ದೆ? ಶರಣಮ್ಮ ಆಗ ಹೊಸ್ತಿಲ ಮೇಲಿದ್ದಳು. ಕಣ್ಣೊರೆಸಿಕೊಂಡೆ. ಬಂಗಾರ ಅದ ಏನು ಎಂದು ಕೇಳಿದ್ದೆನಲ್ಲ, ಆ ಮಾತನ್ನು ಎಲ್ಲಿ ಅಳಿಸಲಿ?

"ನೀ ಅಳಬ್ಯಾಡ," ಎಂದರು ಕಾಕಾ. "ಆಕಿ ಇದ್ದಿದ್ರ ತಾನೇ ಒತ್ತತಿದ್ಲು. ಮಂದಿ ತೊಗರಿ ನೆನ್ಯಾಕತ್ತದ, ನಿಮಗ ನನ್ನ ಎಲಿ ಹೆಚ್ಚಾತೇನು ಅಂತ ಬೈತಿದ್ಲು."

ನಾನು ಕೊಡೆ ಹಿಡಿದು ಹೊರಗೆ ಹೋದೆ. ಡ್ರೈವರುಗಳು ಮಿಲ್ಲಿನ ಕಟ್ಟೆಯ ಮೇಲೆ ಮತ್ತೆ ಇಸ್ಪೀಟು ಹಾಕಿಕೊಂಡಿದ್ದರು. ಖಾಜಾಭಾಯಿಯನ್ನು ಕೇಳಿ ಇಡೀ ಕಟ್ಟನ್ನು ಇಸಿದುಕೊಂಡು ಬಂದೆ. ಗೆಲ್ಲುವ ಆಟ ಬಿಟ್ಟುಕೊಟ್ಟೆ ಎಂದು ಅವನು ಗೊಣಗಿದ, ಆದರೂ ಕೊಟ್ಟ. ಮೇಜಿನ ಮೇಲೆ ಕಾಕಾನ ಮುಂದೆ ಇಟ್ಟೆ.

"ಹೆಂಗಿತ್ತು ಅಂತ ನೆನಪದೇನು?"

ಕಾಕಾ ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎಲೆ ಹಾಕತೊಡಗಿದರು. ಒಂದು ಸಲವೂ ತಡವರಿಸಲಿಲ್ಲ. ಕೆಂಪು ಒಂಬತ್ತು ಇಲ್ಲಿ, ಕರಿ ರಾಜ ಅಲ್ಲಿ, ಅವನ ಕೆಳಗೆ ಕೆಂಪು ರಾಣಿ. ಪ್ರತಿ ಸಾಲೂ, ಪ್ರತಿ ಎಲೆಯೂ. ಎಷ್ಟು ಸಲ ಅದನ್ನು ತೆರೆದು ನೋಡಿರಬೇಕು ಈ ಮನುಷ್ಯ! ಒಂದು ಎಲೆಯನ್ನೂ ಸರಿಸದೆ, ಸುಮ್ಮನೆ ನೋಡಿ, ಮುಚ್ಚಿ. ಬೋರಲು ಬಿದ್ದ ಎಲೆಗಳ ಜಾಗಕ್ಕೆ ಬಂದಾಗ ಮಾತ್ರ ಅವರ ಕೈ ನಿಂತಿತು.

"ಇವು ಯಾವ್ಯಾವು ಅಂತ ನನಗ ಗೊತ್ತಿಲ್ಲ," ಎಂದರು. "ಆಕಿಗೂ ಗೊತ್ತಿರಲಿಲ್ಲ."

ಉಳಿದ ಎಲೆಗಳನ್ನು ಕಲೆಸಿ ಬೋರಲಾಗಿ ಇಟ್ಟರು. ಆಟ ಅಂದು ನಿಂತಿದ್ದಂತೆಯೇ ಹರಡಿತು. ಕಾಕು ಎದ್ದುಹೋದ ಆ ಗಳಿಗೆ ನನ್ನ ಕಾಟಾದ ಮೇಜಿನ ಮೇಲೆ ಬಂದು ಕುಳಿತಿತು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು.

ನಾನು ಮೊಬೈಲ್ ತೆಗೆದು ಮೇಜಿನ ಮೇಲೆ ಹಿಡಿದೆ. "ತಡೀರಿ ಕಾಕಾ, ಮೊದ್ಲ ಒಂದು ಫೋಟೋ."

ಕಾಕಾ ಅಂಗೈ ಅಡ್ಡ ಇಟ್ಟು ಮೊಬೈಲನ್ನು ಕೆಳಗಿಳಿಸಿದರು.

"ಬ್ಯಾಡವ್ವ," ಎಂದರು. ಕರಿ ಎಂಟನ್ನು ಎತ್ತಿ ಕೆಂಪು ಒಂಬತ್ತರ ಮೇಲೆ ಇಟ್ಟರು.